ಹದಿಹರೆಯದ ಮಕ್ಕಳಿಗೆ ಸೆಕೆಂಡ್ ಹ್ಯಾಂಡ್ ಲಕ್ಷುರಿ ಕಾರು: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ದುಬೈ: ಯುಎಇಯ ಹೊಸ ಸಂಚಾರ ಕಾನೂನು 2025ರ ಮಾರ್ಚ್ 29ರಂದು ಜಾರಿಗೆ ಬಂದ ಮೇಲೆ ಕಾರಿನ ಲೈಸೆನ್ಸ್ ಪಡೆಯುವ ಕನಿಷ್ಠ ವಯಸ್ಸು 18ರಿಂದ 17ಕ್ಕೆ ಇಳಿದಿದೆ. ಹನ್ನೊಂದು, ಹನ್ನೆರಡನೇ ಕ್ಲಾಸಿನ ಮಕ್ಕಳಿರುವ ಕನ್ನಡಿಗರ ಮನೆಗಳಲ್ಲಿ ಅಂದಿನಿಂದ ಒಂದೇ ಮಾತು: "ಅಪ್ಪಾ, ಲೈಸೆನ್ಸ್ ಆದ್ರೆ ಕಾರು ಯಾವ್ದು?" ಸೌದಿ, ಕತಾರ್, ಕುವೈತ್, ಬಹ್ರೇನ್‌ಗಳಲ್ಲಿ ಸಾಮಾನ್ಯ ಖಾಸಗಿ ಲೈಸೆನ್ಸ್‌ಗೆ 18 ತುಂಬಬೇಕು. ಆದರೆ ಕಾರಿನ ಪ್ರಶ್ನೆ ಅಲ್ಲಿಯೂ ಇದೇ.

ಈ ಪ್ರಶ್ನೆಗೆ ಗಲ್ಫ್‌ನಲ್ಲಿ ಒಂದು ಉತ್ತರ ಬಹಳ ಸುಲಭವಾಗಿ ಸಿಗುತ್ತದೆ. ದುಬೈನ ಅಲ್ ಅವೀರ್, ಶಾರ್ಜಾದ ಸೂಕ್ ಅಲ್ ಹರಾಜ್, ಅಬುಧಾಬಿಯ ಮೋಟಾರ್ ವರ್ಲ್ಡ್‌ಗೆ ಒಂದು ಶುಕ್ರವಾರ ಸಂಜೆ ಹೋಗಿ ಬಂದರೆ ಸಾಕು. ಹೊಸ ಕೊರೊಲ್ಲಾದ ಬೆಲೆಗೆ ಏಳೆಂಟು ವರ್ಷ ಹಳೆಯ ಬೆಂಝ್, ಬಿಎಂಡಬ್ಲ್ಯು, ಆಡಿ ಸಾಲಾಗಿ ನಿಂತಿರುತ್ತವೆ. ಒಳಗೆ ಚರ್ಮದ ಸೀಟು, ಮೇಲೆ ಪನೋರಮಾ ರೂಫ್, ತೊಳೆದು ಪಾಲಿಶ್ ಹೊಡೆದ ಬಣ್ಣ. ಊರಲ್ಲಿ ಬೆಂಝ್ ಅಂದರೆ ಆಸ್ಪತ್ರೆ ಮಾಲೀಕರ ಮನೆಯ ಮುಂದೆ ಕಾಣುವ ಗಾಡಿ. ಇಲ್ಲಿ ಅದೇ ಗಾಡಿ 50-60 ಸಾವಿರ ದಿರ್ಹಮ್‌ಗೆ ಕೈಗೆಟಕುತ್ತದೆ. ಮನಸ್ಸು ಜಾರುವುದು ಸಹಜ. ಮಗನ ಆಸೆಯಲ್ಲಿ ಅಪ್ಪನ ಹಳೆಯ ಆಸೆಯೂ ಸ್ವಲ್ಪ ಸೇರಿರುತ್ತದೆ.

ಕೊಳ್ಳಲೇಬಾರದು ಎಂದೇನಿಲ್ಲ. ಸರಿಯಾಗಿ ಆರಿಸಿದರೆ ಹಳೆಯ ಲಕ್ಷುರಿ ಕಾರು ಹೊಸ ಸಣ್ಣ ಕಾರಿಗಿಂತ ಸುರಕ್ಷಿತವೂ ಆಗಿರಬಹುದು. ಆದರೆ ಆರಿಸುವ ಕ್ರಮ ಬೇರೆ, ಹಾಕಬೇಕಾದ ಲೆಕ್ಕವೂ ಬೇರೆ.

ಎರಡು ವರ್ಷದ ಲೆಕ್ಕ

ಮೊದಲು ಕೇಳಬೇಕಾದದ್ದು, ಈ ಕಾರು ಎಷ್ಟು ದಿನಕ್ಕೆ? 17 ಅಥವಾ 18ಕ್ಕೆ ಲೈಸೆನ್ಸ್ ಪಡೆಯುವ ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿ ಒಂದೆರಡು ವರ್ಷದಲ್ಲಿ ಮಣಿಪಾಲಕ್ಕೋ, ಬೆಂಗಳೂರಿಗೋ, ಕೆನಡಾಕ್ಕೋ ಹೊರಡುತ್ತಾರೆ. ಹಾಗಾದರೆ ಇದು ಕೊಂಡು ಇಟ್ಟುಕೊಳ್ಳುವ ಕಾರಲ್ಲ, ಕೊಂಡು ಮಾರುವ ಕಾರು. ಮಾರುವ ದಿನದ ಬೆಲೆ ತಿಳಿಯದೆ ಕೊಳ್ಳುವ ದಿನದ ಬೆಲೆಯನ್ನು ಅಗ್ಗ ಅನ್ನಲು ಬರುವುದಿಲ್ಲ.

ಒಂದು ಉದಾಹರಣೆ ನೋಡೋಣ. ಇಲ್ಲಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ಮಾತ್ರ. ತಮ್ಮ ಕಾರಿಗೆ ಸಿಕ್ಕ ನಿಜವಾದ ಕೊಟೇಶನ್‌ಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳಬೇಕು. ಜರ್ಮನ್ ಸೆಡಾನ್ ಒಂದನ್ನು 60,000 ದಿರ್ಹಮ್‌ಗೆ ಕೊಂಡು ಎರಡು ವರ್ಷದ ನಂತರ 42,000ಕ್ಕೆ ಮಾರಿದರು ಅಂದುಕೊಳ್ಳಿ. ನಷ್ಟ 18,000. ವಿಮೆ ವರ್ಷಕ್ಕೆ 3,500ರಂತೆ 7,000. ಸರ್ವಿಸ್, ಟಯರ್, ಬ್ಯಾಟರಿ, ಬ್ರೇಕ್ ವರ್ಷಕ್ಕೆ 6,000ದಂತೆ 12,000. ಪೆಟ್ರೋಲ್, ಸಾಲಿಕ್ ತಿಂಗಳಿಗೆ 600ರಂತೆ 14,400. ಎಲ್ಲಕ್ಕಿಂತ ಮುಖ್ಯವಾಗಿ, ಗೇರ್‌ಬಾಕ್ಸೋ ಎಸಿ ಕಂಪ್ರೆಸ್ಸರೋ ಕೈಕೊಟ್ಟರೆ ಎಂದು ಎತ್ತಿಡುವ 8,000. ಒಟ್ಟು 59,400. ತಿಂಗಳಿಗೆ 2,475 ದಿರ್ಹಮ್.

ಅದೇ ಕ್ರಮದಲ್ಲಿ 40,000ಕ್ಕೆ ಕೊಂಡ ಟೊಯೋಟಾ ಒಂದು 33,000ಕ್ಕೆ ಮಾರಾಟವಾದರೆ ನಷ್ಟ 7,000. ವಿಮೆ 4,400, ನಿರ್ವಹಣೆ 5,000, ಪೆಟ್ರೋಲ್-ಸಾಲಿಕ್ 10,800, ಎತ್ತಿಟ್ಟದ್ದು 3,000. ಒಟ್ಟು 30,200, ತಿಂಗಳಿಗೆ ಸುಮಾರು 1,258. ಎರಡಕ್ಕೂ ಇರುವ ಅಂತರ 29,200 ದಿರ್ಹಮ್. ರೂಪಾಯಿಯಲ್ಲಿ ಏಳು ಲಕ್ಷದ ಹತ್ತಿರ. ಮುಂದಿನ ವರ್ಷ ಕಾಲೇಜಿನ ಫೀಸ್ ಕಟ್ಟಬೇಕಾದ ಮನೆಯಲ್ಲಿ ಇದು ಸಣ್ಣ ಮೊತ್ತವಲ್ಲ. ಕೊಡಲು ಮನಸ್ಸಿದ್ದು, ಕೈಯಲ್ಲೂ ಇದ್ದರೆ ಕೊಡಬಹುದು. ಆದರೆ ಕೊಡುತ್ತಿದ್ದೇವೆ ಎಂದು ಗೊತ್ತಿದ್ದು ಕೊಡಬೇಕು.

ಮೋಸ ಹೋಗುವುದು ಇಲ್ಲೇ. ಹೊಸದರಲ್ಲಿ ಎರಡು ಲಕ್ಷ ದಿರ್ಹಮ್ ಇದ್ದ ಕಾರು ಅರವತ್ತು ಸಾವಿರಕ್ಕೆ ಇಳಿದಾಗ ಅದರ ಬಿಡಿಭಾಗಗಳ ಬೆಲೆ ಕಾರಿನ ಜೊತೆ ಇಳಿಯುವುದಿಲ್ಲ. ಹೆಡ್‌ಲೈಟ್ ಒಡೆದರೆ ಎರಡು ಲಕ್ಷದ ಕಾರಿನ ಹೆಡ್‌ಲೈಟನ್ನೇ ಕೊಳ್ಳಬೇಕು. ಏರ್ ಸಸ್ಪೆನ್ಶನ್ ಇರುವ ರೇಂಜ್ ರೋವರ್, ಎಸ್ ಕ್ಲಾಸ್‌ನಂಥ ಗಾಡಿಗಳಲ್ಲಿ ಈ ಮಾತು ಇನ್ನೂ ನಿಜ. ಗಲ್ಫ್‌ನ ಬಿಸಿಲಿಗೆ ರಬ್ಬರ್ ಬೆಲ್ಲೋಸ್ ಬಿರುಕು ಬಿಡುತ್ತದೆ, ಬೆಳಿಗ್ಗೆ ನೋಡಿದರೆ ಕಾರು ಒಂದು ಬದಿಗೆ ಕುಸಿದು ಕೂತಿರುತ್ತದೆ. ಮಕ್ಕಳಿಗೆ ಕೊಡುವ ಕಾರಿಗೆ ಮಾಮೂಲಿ ಸ್ಟೀಲ್ ಸ್ಪ್ರಿಂಗ್ ಸಾಕು.

ಸಾಲ ಮಾಡಿ ಕೊಳ್ಳುವವರು ಇನ್ನೂ ಒಂದು ವಿಷಯ ನೋಡಬೇಕು. ಯುಎಇಯಲ್ಲಿ ಬ್ಯಾಂಕ್ ಕಾರಿನ ಬೆಲೆಯ ಶೇ. 80ರವರೆಗೆ, ಹೆಚ್ಚೆಂದರೆ 60 ತಿಂಗಳಿಗೆ ಸಾಲ ಕೊಡಬಹುದು. ಜಾಹೀರಾತಿನಲ್ಲಿ ಕಾಣುವ ಬಡ್ಡಿ ಸಾಮಾನ್ಯವಾಗಿ ಫ್ಲ್ಯಾಟ್ ದರ. 60,000ಕ್ಕೆ ಶೇ. 4 ಫ್ಲ್ಯಾಟ್, ನಾಲ್ಕು ವರ್ಷ ಅಂದರೆ ಬಡ್ಡಿ 9,600, ಕಂತು 1,450. ಕಂತು ಕಟ್ಟಿದಂತೆ ಅಸಲು ಇಳಿಯುತ್ತಾ ಹೋದರೂ ಬಡ್ಡಿ ಮಾತ್ರ ಪೂರ್ತಿ 60,000ದ ಮೇಲೆಯೇ ಬೀಳುವುದರಿಂದ ನಿಜವಾದ ದರ ಶೇ. 7.5ರ ಹತ್ತಿರ ಬರುತ್ತದೆ. ಎರಡು ವರ್ಷಕ್ಕೆ ಮಾರುವ ಕಾರಿಗೆ ನಾಲ್ಕು ವರ್ಷದ ಸಾಲ ಮಾಡಿದರೆ, ಮಾರುವ ದಿನ ಬಾಕಿ ತೀರಿಸಿ ಬ್ಯಾಂಕಿನಿಂದ ಕ್ಲಿಯರೆನ್ಸ್ ಪಡೆಯುವ ಓಡಾಟವೂ ಸೇರುತ್ತದೆ. ಈ ಉದ್ದೇಶಕ್ಕೆ ಸಾಲ ಮಾಡದೆ ಕೊಳ್ಳಲು ಸಾಧ್ಯವಾದ ಕಾರೇ ಸರಿಯಾದ ಕಾರು.

ಎಂಜಿನ್ ದೊಡ್ಡದಾದಷ್ಟೂ ಅಪಾಯ

ಹಣದ ಮಾತು ಒಂದು ಕಡೆ. ದೊಡ್ಡ ಮಾತು ಜೀವದ್ದು. ಹೊಸದಾಗಿ ಓಡಿಸುವ ಹದಿಹರೆಯದವರು ಅಪಘಾತಕ್ಕೆ ಸಿಲುಕುವ ಸಾಧ್ಯತೆ ದೊಡ್ಡವರಿಗಿಂತ ಹೆಚ್ಚು. ರಾತ್ರಿ ಹೊತ್ತು, ಜೊತೆಗೆ ಅದೇ ವಯಸ್ಸಿನ ಗೆಳೆಯರು ಕೂತಾಗ ಇನ್ನೂ ಹೆಚ್ಚು. ಅಮೆರಿಕದ ವಿಮಾ ಕಂಪನಿಗಳು ನಡೆಸುವ ಐಐಎಚ್‌ಎಸ್ ಎಂಬ ಸುರಕ್ಷತಾ ಸಂಸ್ಥೆ ಹದಿಹರೆಯದವರಿಗೆ ತಕ್ಕ ಹಳೆಯ ಕಾರುಗಳ ಪಟ್ಟಿ ಪ್ರಕಟಿಸುತ್ತದೆ. ಅದರ ಮೂಲ ನಿಯಮ ಸರಳ: ಹೆಚ್ಚು ಹಾರ್ಸ್‌ಪವರ್‌ನ ಕಾರು ಬೇಡ, ತೀರಾ ಸಣ್ಣ ಹಗುರ ಕಾರೂ ಬೇಡ, ಗಾಡಿ ಜಾರದಂತೆ ಹಿಡಿಯುವ ಇಎಸ್‌ಸಿ ಕಡ್ಡಾಯವಾಗಿ ಇರಲಿ, ಕ್ರ್ಯಾಶ್ ಟೆಸ್ಟ್‌ನ ಅಂಕ ಚೆನ್ನಾಗಿರಲಿ.

ಲಕ್ಷುರಿ ಕಾರುಗಳಲ್ಲಿ ಗೊಂದಲ ಏನೆಂದರೆ ಹೊರಗಿನ ಆಕಾರ ಒಂದೇ, ಒಳಗಿನ ಎಂಜಿನ್ ಬೇರೆ. 2014ರ ನಂತರದ ಬೆಂಝ್ ಸಿ 200ಕ್ಕೆ 184 ಹಾರ್ಸ್‌ಪವರ್; ಅದೇ ಆಕಾರದ ಎಎಂಜಿ ಸಿ 63ಕ್ಕೆ 476. ಇನ್ಫಿನಿಟಿ ಕ್ಯೂ50ಯ ಎರಡು ಲೀಟರ್ ಕಾರಿಗೆ 200ಕ್ಕಿಂತ ತುಸು ಹೆಚ್ಚು, ರೆಡ್ ಸ್ಪೋರ್ಟ್ ಅನ್ನುವುದಕ್ಕೆ 400. ಮಕ್ಕಳಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿರುತ್ತದೆ, ಅಪ್ಪ-ಅಮ್ಮನಿಗೆ ಗೊತ್ತಿರುವುದಿಲ್ಲ. "ಇದೂ ಕ್ಯೂ50ನೇ ಅಲ್ವಾ ಅಪ್ಪಾ" ಅಂದಾಗ ಮುಲ್ಕಿಯಾ ತೆಗೆದು ಮಾಡೆಲ್ ಓದಬೇಕು. ಮಗ ಅಥವಾ ಮಗಳ ಮೊದಲ ಕಾರಿಗೆ 200 ಹಾರ್ಸ್‌ಪವರ್ ಮೇಲಿನ ಗಡಿ ಎಂದು ಮನೆಯಲ್ಲೇ ಒಂದು ಗೆರೆ ಹಾಕಿಕೊಂಡರೆ ಅರ್ಧ ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರುಗಳಲ್ಲಿ ಮರಳು ಬಿದ್ದ ರಸ್ತೆಯಲ್ಲಿ, ವರ್ಷದ ಮೊದಲ ಮಳೆಯಲ್ಲಿ ಹಿಂಭಾಗ ಎಳೆದುಕೊಂಡು ಹೋಗುವ ಅಪಾಯವೂ ಇದೆ. ಅನುಭವ ಇಲ್ಲದವರು ಅದನ್ನು ಹಿಡಿಯಲಾರರು.

ಹಾಗಾದರೆ ಯಾವುದು? ಗಲ್ಫ್‌ನ ಮಟ್ಟಿಗೆ ಲೆಕ್ಸಸ್ ಇಎಸ್ ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ಟೊಯೋಟಾ ಮನೆತನದ್ದು, ಮುಂದಿನ ಚಕ್ರಕ್ಕೆ ಶಕ್ತಿ, ಮೆಕ್ಯಾನಿಕ್‌ಗಳಿಗೆ ಪರಿಚಿತ, ಮರುಮಾರಾಟದ ಬೆಲೆ ಗಟ್ಟಿ. 2018ರಲ್ಲಿ ಬಂದ ಪೀಳಿಗೆಯ ಇಎಸ್‌ಗೆ ಯೂರೋ ಎನ್‌ಕ್ಯಾಪ್‌ನ ಐದು ಸ್ಟಾರ್ ಇದೆ. ಆದರೆ ಇಎಸ್ 350 ಬೇಡ, ಇಎಸ್ 250 ಅಥವಾ ಹೈಬ್ರಿಡ್ 300ಎಚ್ ಹುಡುಕಬೇಕು. ಅವೂ 200ರ ಗೆರೆಯ ಆಸುಪಾಸಿನವೇ, ಆದರೆ ಸ್ವಭಾವದಲ್ಲಿ ಸಾಧು. ಹದಿನೇಳರ ಹುಡುಗನಿಗೆ ಇಎಸ್ ಅಂದರೆ "ಅಂಕಲ್ ಕಾರು" ಅನಿಸುತ್ತದೆ. ಆಗಲಿ ಬಿಡಿ.

ವೋಲ್ವೋಗೆ ಇಲ್ಲಿ ಗಿರಾಕಿ ಕಡಿಮೆ, ಹಾಗಾಗಿ ಕೊಳ್ಳುವಾಗ ಅಗ್ಗ, ಮಾರುವಾಗ ತಡ. ಸುರಕ್ಷತೆಯಲ್ಲಿ ಹೆಸರು ಮಾಡಿದ ಕಂಪನಿ. 2020ರ ನಂತರ ತನ್ನ ಹೊಸ ಕಾರುಗಳ ವೇಗವನ್ನೇ ಗಂಟೆಗೆ 180 ಕಿ.ಮೀ.ಗೆ ಕಟ್ಟಿಹಾಕಿತು. 2021ರ ಮಾಡೆಲ್‌ನಿಂದ ಬಂದ ಕೇರ್ ಕೀ ಎಂಬ ಕೀಲಿಯಲ್ಲಿ, ಮಕ್ಕಳು ಓಡಿಸುವಾಗ ಇದಕ್ಕಿಂತಲೂ ಕಡಿಮೆ ವೇಗಕ್ಕೆ ಮಿತಿ ಹಾಕಬಹುದು. ಇಂಥ ಕೀಲಿ ಇರುವ ಕಾರಿಗೆ ನಾಲ್ಕೈದು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬೆಂಝ್ ಸಿ 200, ಬಿಎಂಡಬ್ಲ್ಯು 320ಐ, ಆಡಿ ಎ4 ಇವೆಲ್ಲ ಓಡಿಸಲು ಸೊಗಸು. ಆದರೆ ಏಜೆನ್ಸಿಯಲ್ಲೇ ಸರ್ವಿಸ್ ಆದ ಪೂರ್ತಿ ದಾಖಲೆ ಇದ್ದರೆ ಮಾತ್ರ ಕೈ ಹಾಕಬೇಕು. ಟೈಮಿಂಗ್ ಚೈನ್, ಆಯಿಲ್ ಸೋರಿಕೆ, ರೇಡಿಯೇಟರ್ ಸುತ್ತಲಿನ ಪ್ಲಾಸ್ಟಿಕ್ ಭಾಗಗಳನ್ನು ತೋರಿಸದೆ ಕೊಳ್ಳಬಾರದು. ಎರಡು ಬಾಗಿಲಿನ ಕೂಪೆ, ಕನ್ವರ್ಟಿಬಲ್‌ಗಳ ಬಗ್ಗೆ ಇಲ್ಲಿ ಬರೆಯುವ ಅಗತ್ಯವಿಲ್ಲ.

ಕಾರಿನ ಜಾತಕ

ಯುಎಇ ಮಾರುಕಟ್ಟೆಯಲ್ಲಿ ಒಂದೇ ವರ್ಷದ, ಒಂದೇ ಮಾಡೆಲ್‌ನ ಎರಡು ಕಾರುಗಳ ಬೆಲೆಯಲ್ಲಿ ಇಪ್ಪತ್ತು ಸಾವಿರ ವ್ಯತ್ಯಾಸ ಕಂಡರೆ ಕಡಿಮೆ ಬೆಲೆಯದ್ದು ಬಹುಶಃ ಅಮೆರಿಕದಿಂದ ಬಂದದ್ದು. ಅಲ್ಲಿ ಅಪಘಾತವಾಗಿ ವಿಮಾ ಕಂಪನಿ ಕೈಬಿಟ್ಟ ಕಾರುಗಳು ಹರಾಜಿನ ಮೂಲಕ ಹಡಗು ಹತ್ತಿ ಶಾರ್ಜಾದ ಕಡೆಗೆ ಬರುತ್ತವೆ. ಇಲ್ಲಿ ತಗಡು ಬಡಿದು, ಬಣ್ಣ ಹೊಡೆದು "ಕ್ಲೀನ್ ಕಾರು" ಮಾಡುತ್ತಾರೆ. ಹಾಗೆ ಬಂದ ಎಲ್ಲವೂ ಕೆಟ್ಟದ್ದಲ್ಲ. ಆದರೆ ಒಡೆದ ಏರ್‌ಬ್ಯಾಗ್ ಹೊಸದಾಗಿ ಹಾಕಲು ಖರ್ಚು ಹೆಚ್ಚು, ಹಾಗಾಗಿ ಏರ್‌ಬ್ಯಾಗ್ ಇಲ್ಲದೆಯೇ ಮುಚ್ಚಳ ಹಾಕಿ ಎಚ್ಚರಿಕೆ ದೀಪವನ್ನು ಆರಿಸಿಬಿಡುವ ಕಸುಬು ಈ ವ್ಯಾಪಾರದಲ್ಲಿ ಇದೆ. ಮಗ ಅಥವಾ ಮಗಳು ಕೂರುವ ಕಾರಿನಲ್ಲಿ ಇದಕ್ಕೆ ಅವಕಾಶ ಇರಬಾರದು.

ಚಾಸಿ ನಂಬರಿನ ಮೊದಲ ಅಕ್ಷರವೇ ಗಾಡಿ ಎಲ್ಲಿ ತಯಾರಾಯಿತು ಎಂದು ಹೇಳುತ್ತದೆ: 1, 4, 5 ಇದ್ದರೆ ಅಮೆರಿಕ, ಜೆ ಇದ್ದರೆ ಜಪಾನ್, ಡಬ್ಲ್ಯು ಇದ್ದರೆ ಜರ್ಮನಿ. ಅಲ್ಲಿ ತಯಾರಾಯಿತು ಎಂದ ಮಾತ್ರಕ್ಕೆ ಆ ದೇಶದಲ್ಲೇ ಓಡಿತ್ತು ಎಂದಲ್ಲ. ಅದಕ್ಕೆ ಮೊದಲು ಮುಲ್ಕಿಯಾದಲ್ಲಿ ಜಿಸಿಸಿ ಕಾರೋ ಅಲ್ಲವೋ ಎಂದು ನೋಡಬೇಕು. ಅದೇ ನಂಬರನ್ನು ಆಂತರಿಕ ಸಚಿವಾಲಯದ ಅಪಘಾತ ವಿಚಾರಣೆ ಸೇವೆಯಲ್ಲಿ ಹಾಕಿದರೆ ಯುಎಇಯಲ್ಲಿ ದಾಖಲಾದ ಅಪಘಾತಗಳು ಸಿಗುತ್ತವೆ. ಅಮೆರಿಕದ್ದಾದರೆ ಕಾರ್‌ಫ್ಯಾಕ್ಸ್ ವರದಿಗೆ ಕೆಲವು ದಿರ್ಹಮ್ ಖರ್ಚು ಮಾಡಬೇಕು. ಜಿಸಿಸಿ ಕಾರುಗಳಿಗೆ ಇಲ್ಲಿನ ಬಿಸಿಗೆ ತಕ್ಕ ಕೂಲಿಂಗ್ ಮತ್ತು ಎಸಿ ಇರುತ್ತದೆ, ಮಾರುವಾಗ ಗಿರಾಕಿಯೂ ಬೇಗ ಸಿಗುತ್ತಾನೆ.

ಇನ್ನೊಂದು ಅನುಮಾನ ನೀರಿನದು. 2024ರ ಏಪ್ರಿಲ್ 16ರ ಮಳೆ ಯಾರೂ ಮರೆತಿಲ್ಲ. ಅಲ್ ಐನ್‌ನ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254.8 ಮಿ.ಮೀ. ಸುರಿದು, 1949ರಿಂದ ದಾಖಲೆ ಇಟ್ಟಾಗಿನಿಂದ ಅಷ್ಟು ಮಳೆ ಕಂಡಿರಲಿಲ್ಲ. ಬೇಸ್‌ಮೆಂಟ್ ಪಾರ್ಕಿಂಗ್‌ಗಳಲ್ಲಿ ನೀರು ಕುಡಿದ ಕಾರುಗಳಲ್ಲಿ ಲಕ್ಷುರಿ ಕಾರುಗಳೂ ಇದ್ದವು. ಅಂಥ ಕಾರಿನ ವೈರಿಂಗ್ ಆಗ ಸರಿಯಿದ್ದು ಒಂದೆರಡು ವರ್ಷದ ಮೇಲೆ ತೊಂದರೆ ಕೊಡಲು ಶುರು ಮಾಡಬಹುದು. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಬೇಕು. ಒಳಭಾಗದಲ್ಲಿ ಮಣ್ಣಿನ ಗೆರೆ ಇದ್ದರೆ ಅಲ್ಲಿಂದ ಎದ್ದು ಬರುವುದೇ ಲೇಸು. ಸ್ಪೇರ್ ಟಯರ್ ಕೆಳಗಿನ ಗುಂಡಿ, ಕಾರ್ಪೆಟ್ ಅಡಿಯ ತುಕ್ಕು, ಮುಚ್ಚಿದ ಕಾರಿನ ಒಳಗಿನ ವಾಸನೆ ಕೂಡ ಇದನ್ನೇ ಹೇಳುತ್ತವೆ.

ಏರ್‌ಬ್ಯಾಗ್‌ನ ಮತ್ತೊಂದು ಕಥೆ ತಕಾಟಾದ್ದು. ಈ ಜಪಾನಿ ಕಂಪನಿಯ ಏರ್‌ಬ್ಯಾಗ್‌ಗಳಲ್ಲಿದ್ದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಬಿಸಿ ಮತ್ತು ತೇವಕ್ಕೆ ಸಿಕ್ಕಿ ಕೆಟ್ಟು, ಅಪಘಾತದಲ್ಲಿ ಸ್ಫೋಟಿಸಿ ಲೋಹದ ಚೂರುಗಳನ್ನು ಎಸೆದ ಪ್ರಕರಣಗಳು ನಡೆದವು. ಹೋಂಡಾ, ಟೊಯೋಟಾ, ಲೆಕ್ಸಸ್, ಬಿಎಂಡಬ್ಲ್ಯು ಸೇರಿ ಹಲವು ಕಂಪನಿಗಳು ಲಕ್ಷಾಂತರ ಕಾರುಗಳನ್ನು ವಾಪಸ್ ಕರೆಸಿದವು. ಬಿಸಿ ಮತ್ತು ತೇವ, ಎರಡೂ ನಮ್ಮ ಕರಾವಳಿ ಎಮಿರೇಟ್‌ಗಳಲ್ಲಿ ಧಾರಾಳ. ಹತ್ತು ವರ್ಷ ದಾಟಿದ ಕಾರು ನೋಡುತ್ತಿದ್ದರೆ ಚಾಸಿ ನಂಬರ್ ಹಿಡಿದು ಏಜೆನ್ಸಿಗೆ ಫೋನ್ ಮಾಡಿ ರೀಕಾಲ್ ಬಾಕಿ ಇದೆಯಾ ಎಂದು ಕೇಳಬೇಕು. ಬಾಕಿ ಇದ್ದರೆ ಅದನ್ನು ಉಚಿತವಾಗಿ ಬದಲಿಸಿಕೊಡುತ್ತಾರೆ. ಎರಡು ನಿಮಿಷದ ಕೆಲಸ ಇದು, ಆದರೆ ಮಾಡುವವರು ಕಡಿಮೆ.

ಟಯರ್ ಬದಿಯಲ್ಲಿ ಒತ್ತಿದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಐದು ವರ್ಷ ದಾಟಿದ್ದರೆ ನಾಲ್ಕನ್ನೂ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಬೇಕು. ಜುಲೈ ಬಿಸಿಲಿನಲ್ಲಿ ಹಳೆಯ ಟಯರ್ ಹೈವೇಯಲ್ಲಿ ಒಡೆಯುವುದು ಇಲ್ಲಿ ಹೊಸ ಸುದ್ದಿಯಲ್ಲ. ಸವೆದ ಟಯರ್‌ಗೆ 500 ದಿರ್ಹಮ್ ದಂಡ, 4 ಬ್ಲ್ಯಾಕ್ ಪಾಯಿಂಟ್ ಜೊತೆಗೆ ಗಾಡಿ ಒಂದು ವಾರ ಜಪ್ತಿ. ಕೊನೆಗೆ, ಮುಂಗಡ ಕೊಡುವ ಮೊದಲು ಪರೀಕ್ಷಾ ಕೇಂದ್ರದಲ್ಲಿ ಪೂರ್ತಿ ತಪಾಸಣೆ ಮಾಡಿಸಬೇಕು. ನೋಂದಣಿಗೆ ಮಾಡುವ ಪಾಸಿಂಗ್ ಪರೀಕ್ಷೆ ಇದಕ್ಕೆ ಸಾಲದು. ಮಾರುವವನು ತಪಾಸಣೆಗೆ ಒಪ್ಪದಿದ್ದರೆ ಉತ್ತರ ಅಲ್ಲೇ ಸಿಕ್ಕಿತು.

ವಿಮೆ, ದಂಡ, ಹೊಣೆ

ಕಾರು ಅಪ್ಪನ ಅಥವಾ ಅಮ್ಮನ ಹೆಸರಿನಲ್ಲಿರುತ್ತದೆ, ಓಡಿಸುವುದು ಮಕ್ಕಳು. ಪ್ರೀಮಿಯಂ ಕಡಿಮೆಯಾಗಲಿ ಎಂದು ಈ ವಿಷಯ ವಿಮಾ ಕಂಪನಿಗೆ ಹೇಳದೆ ಇರುವುದು ದೊಡ್ಡ ತಪ್ಪು. 25 ವರ್ಷದೊಳಗಿನವರು ಅಥವಾ ಹೊಸ ಲೈಸೆನ್ಸ್‌ನವರು ಓಡಿಸುವಾಗ ಅಪಘಾತವಾದರೆ ಹೆಚ್ಚುವರಿ ಎಕ್ಸೆಸ್ ಕಟ್ಟಬೇಕೆಂಬ ಷರತ್ತು ಬಹಳ ಪಾಲಿಸಿಗಳಲ್ಲಿ ಇರುತ್ತದೆ. ಕಾರು ಕೊಳ್ಳುವ ಮೊದಲೇ, ಮಗ ಅಥವಾ ಮಗಳ ವಯಸ್ಸು ಮತ್ತು ಲೈಸೆನ್ಸ್ ದಿನಾಂಕ ಬರೆದು ಎರಡು-ಮೂರು ಕಂಪನಿಗಳಿಂದ ಇಮೇಲ್‌ನಲ್ಲಿ ಉತ್ತರ ಪಡೆಯಬೇಕು. ಏಜೆಂಟ್ ಫೋನಿನಲ್ಲಿ "ನೋ ಪ್ರಾಬ್ಲಮ್ ಭಾಯ್" ಅಂದದ್ದು ಕ್ಲೇಮ್ ದಿನ ಲೆಕ್ಕಕ್ಕೆ ಬರುವುದಿಲ್ಲ. ಹಳೆಯ ಕಾರಿಗೆ ಏಜೆನ್ಸಿ ರಿಪೇರಿ ಸಿಗುತ್ತದೋ ಗ್ಯಾರೇಜ್ ರಿಪೇರಿಯೋ ಎಂಬುದೂ ಅದರಲ್ಲಿ ಬರಲಿ. ಥರ್ಡ್ ಪಾರ್ಟಿ ಮಾತ್ರ ತೆಗೆದುಕೊಂಡರೆ ಎದುರಿನವರ ನಷ್ಟಕ್ಕೆ ರಕ್ಷಣೆ ಇದೆ, ತಮ್ಮ 60,000ಕ್ಕೆ ಇಲ್ಲ. ಲೈಸೆನ್ಸ್ ಇಲ್ಲದೆಯೋ ಕುಡಿದೋ ಓಡಿಸಿದ್ದರೆ ಕಂಪನಿ ಎದುರಿನವರಿಗೆ ಕೊಟ್ಟ ಹಣವನ್ನು ವಾಪಸ್ ಕೇಳಲು ಅವಕಾಶವಿದೆ. ಸಾವಿನ ಪ್ರಕರಣದಲ್ಲಿ ದಿಯಾ ಮೊತ್ತವೇ 2 ಲಕ್ಷ ದಿರ್ಹಮ್. ಸಂಬಳದ ಮೇಲೆ ನಡೆಯುವ ಕುಟುಂಬಕ್ಕೆ ಅದು ವರ್ಷಗಳ ದುಡಿಮೆ.

ಕ್ಯಾಮೆರಾಗೆ ಸಿಕ್ಕ ದಂಡ ಮುಲ್ಕಿಯಾದಲ್ಲಿ ಹೆಸರಿರುವವರಿಗೆ ಬರುತ್ತದೆ. ಮಿತಿಗಿಂತ 60 ಕಿ.ಮೀ. ಮೀರಿದರೆ 2,000 ದಿರ್ಹಮ್ ಮತ್ತು 12 ಬ್ಲ್ಯಾಕ್ ಪಾಯಿಂಟ್. 80 ಮೀರಿದರೆ 3,000, 23 ಪಾಯಿಂಟ್, ಗಾಡಿ 60 ದಿನ ಜಪ್ತಿ. 24 ಪಾಯಿಂಟ್‌ಗೆ ಲೈಸೆನ್ಸ್ ಅಮಾನತು. ಕೈಯಲ್ಲಿ ಫೋನ್ ಹಿಡಿದರೆ 800 ಮತ್ತು 4 ಪಾಯಿಂಟ್. ದುಬೈನಲ್ಲಿ ಓಡಿಸಿ ಅಭ್ಯಾಸವಾದ ಮಕ್ಕಳಿಗೆ ಒಂದು ವಿಷಯ ಹೇಳಿಕೊಡಬೇಕು: ಬೋರ್ಡಿನಲ್ಲಿ ಬರೆದ ಮಿತಿಯ ಮೇಲೆ ದುಬೈನಲ್ಲಿ ಸಿಗುವ 20 ಕಿ.ಮೀ. ವಿನಾಯಿತಿ ಅಬುಧಾಬಿಯಲ್ಲಿ 2018ರಿಂದಲೇ ಇಲ್ಲ. ಪೊಲೀಸ್ ಆ್ಯಪ್‌ನ ಸಂದೇಶ ಹೆತ್ತವರ ಫೋನಿಗೆ ಬರುವಂತೆ ಇಟ್ಟುಕೊಂಡರೆ ಮಗ ಹೇಳದಿದ್ದರೂ ಕಾರು ಹೇಳುತ್ತದೆ.

ರಜೆಯಲ್ಲಿ ಊರಿಗೆ ಹೋದಾಗ ಇನ್ನೊಂದು ಎಚ್ಚರ ಬೇಕು. ಯುಎಇ ಲೈಸೆನ್ಸ್ ಕೈಯಲ್ಲಿದ್ದರೂ 17ರ ಹುಡುಗ ಮಂಗಳೂರಿನಲ್ಲಿ ಮಾವನ ಕಾರು ಓಡಿಸುವಂತಿಲ್ಲ. ಭಾರತದಲ್ಲಿ 18 ಆಗಲೇಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಪ್ರಕಾರ ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಆ ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ.

"ಕಾಲೇಜಿಗೆ ಹೋಗುವಾಗ ಕಾರನ್ನೂ ಊರಿಗೆ ಕಳಿಸೋಣ" ಎಂಬ ಯೋಚನೆ ಕೆಲವರಿಗಿದೆ. ಎಡಗಡೆ ಸ್ಟೀರಿಂಗ್ ಇರುವ, ಮೂರು ವರ್ಷಕ್ಕಿಂತ ಹಳೆಯ ಸೆಕೆಂಡ್ ಹ್ಯಾಂಡ್ ಕಾರನ್ನು ಭಾರತಕ್ಕೆ ಆಮದು ಮಾಡಿಕೊಳ್ಳಲು ನಿಯಮವೇ ಬಿಡುವುದಿಲ್ಲ. ಕಾರು ಇಲ್ಲೇ ಮಾರಾಟವಾಗಬೇಕು. ಆಗಸ್ಟ್‌ನಲ್ಲಿ ಮಕ್ಕಳು ಹೊರಡುವುದಾದರೆ ಏಪ್ರಿಲ್‌ನಲ್ಲೇ ಜಾಹೀರಾತು ಹಾಕುವುದು ಒಳ್ಳೆಯದು. ಬೇಸಿಗೆ ರಜೆಯಲ್ಲಿ ಅರ್ಧ ದೇಶ ಊರಿಗೆ ಹೋಗಿರುತ್ತದೆ, ಗಿರಾಕಿ ಇಲ್ಲದೆ ನಿಂತ ಕಾರನ್ನು ಹೊರಡುವ ಅವಸರದಲ್ಲಿ ಡೀಲರ್ ಕೇಳಿದ ಬೆಲೆಗೆ ಬಿಡಬೇಕಾಗುತ್ತದೆ. ಮಾರುವ ಮೊದಲು ದಂಡಗಳೆಲ್ಲ ಚುಕ್ತಾ ಆಗಿರಬೇಕು. ಹೆಸರು ಬದಲಾವಣೆಯಾದ ದಿನವೇ ಸಾಲಿಕ್ ಖಾತೆಯಿಂದ ಗಾಡಿಯನ್ನು ತೆಗೆಸಿ, ವಿಮೆ ರದ್ದು ಮಾಡಿಸಿ ಉಳಿದ ತಿಂಗಳುಗಳ ಪ್ರೀಮಿಯಂ ವಾಪಸ್ ಕೇಳಬೇಕು. ಇಲ್ಲಿ ವಿಮೆ ಕೊಂಡವನ ಹೆಸರಿಗೆ ವರ್ಗವಾಗುವುದಿಲ್ಲ, ಹಾಗಾಗಿ ಕೇಳದಿದ್ದರೆ ಆ ಹಣ ಕಂಪನಿಯಲ್ಲೇ ಉಳಿಯುತ್ತದೆ.